ಹೊತ್ತು, ಗಳಿಗೆ, ಕಾಲ: ಭೌತವಿಜ್ಞಾನದ ಕಾಲಕಲ್ಪನೆ ಮತ್ತು ಹಾವೇರಿ ಪರಿಸರದ ಕಾಲಗಣನೆ

ಪೀಠಿಕೆ

ಕನ್ನಡ ಅಧ್ಯಯನದಲ್ಲಿ ಕಾಲದ ಪ್ರಶ್ನೆ ಮುಖ್ಯವಾಗಿ ಮೂರು ನೆಲೆಗಳಲ್ಲಿ ಎದುರಾಗುತ್ತದೆ. ಶಾಸನಗಳ ಕಾಲನಿರ್ಣಯ ಒಂದು, ಕ್ರಿಯಾಪದಗಳ ಕಾಲಸೂಚನೆ ಇನ್ನೊಂದು, ಕಾವ್ಯ ಮತ್ತು ದರ್ಶನಗಳಲ್ಲಿ ಬರುವ ಕಾಲತತ್ತ್ವ ಮತ್ತೊಂದು. ಮೂರಕ್ಕೂ ‘ಕಾಲ’ ಎಂಬ ಒಂದೇ ಪದ ಸಲ್ಲುವುದರಿಂದ ಅರ್ಥವೂ ಒಂದೇ ಎಂದು ಭಾವಿಸುವುದು ಸುಲಭ. ಆಧುನಿಕ ವಿಜ್ಞಾನವು ಕಾಲವನ್ನು ಭ್ರಮೆಯೆಂದು ಸಿದ್ಧಪಡಿಸಿದೆ ಎಂಬ ಸಡಿಲ ಮಾತು ಇದರೊಡನೆ ಸೇರಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಭೌತವಿಜ್ಞಾನವು ಕಾಲವನ್ನು ಹೇಗೆ ನಿರ್ವಚಿಸುತ್ತದೆ, ಅದರ ಅಸ್ತಿತ್ವದ ಬಗ್ಗೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪರಿಸರದ ಕಾಲಗಣನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪರಿಸರವನ್ನು ಆಯ್ದುಕೊಳ್ಳಲು ಕಾರಣವಿದೆ. ಕಲ್ಯಾಣದ ಚಾಲುಕ್ಯರು, ಗುತ್ತಲದ ಗುತ್ತರು, ಸೇವುಣರು ಮೊದಲಾದವರ ಆಳ್ವಿಕೆಗೆ ಸೇರಿದ ಕಾಲೋಲ್ಲೇಖವುಳ್ಳ ಶಾಸನಗಳು ಇಲ್ಲಿ ವಿಪುಲವಾಗಿವೆ. ಭಾರತೀಯ ಜ್ಯೋತಿಶ್ಶಾಸ್ತ್ರದ ಮೂಲ ಮಧ್ಯಾಹ್ನರೇಖೆ ಈ ಊರುಗಳ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಕಳೆದ ಎರಡು ಶತಮಾನಗಳಲ್ಲಿ ಇಲ್ಲಿನ ಗಡಿಯಾರದ ಹೊತ್ತು ಹಲವು ಬಾರಿ ಬದಲಾಗಿದೆ.

ಹೊತ್ತು ಎಂಬ ಮಾತು

ಹಳಗನ್ನಡದ ‘ಪೊೞ್ತು’ ಹೊಸಗನ್ನಡದಲ್ಲಿ ‘ಹೊತ್ತು’ ಆಗಿದೆ. ಈ ಪದಕ್ಕೆ ವೇಳೆ ಎಂಬ ಅರ್ಥವಿರುವಂತೆ ಸೂರ್ಯ ಎಂಬ ಅರ್ಥವೂ ಇದೆ. ಹೊತ್ತು ಮೂಡುವುದು, ಹೊತ್ತು ಮುಳುಗುವುದು ಎಂಬ ಪ್ರಯೋಗಗಳು ಹಾವೇರಿ ಪರಿಸರದ ಆಡುಮಾತಿನಲ್ಲಿ ಇಂದಿಗೂ ಜೀವಂತವಾಗಿವೆ. ಇಲ್ಲಿ ಅಳೆಯುವ ವಸ್ತು ಮತ್ತು ಅಳತೆಗೆ ಸಿಕ್ಕಿದ್ದು ಎರಡಕ್ಕೂ ಒಂದೇ ಹೆಸರು. ‘ಗಳಿಗೆ’ಯ ಸ್ಥಿತಿಯೂ ಇದೇ. ತಳದಲ್ಲಿ ರಂಧ್ರವಿರುವ ಬಟ್ಟಲು ನೀರಿನಲ್ಲಿ ತುಂಬಿ ಮುಳುಗಲು ಹಿಡಿಯುವ ಅವಧಿ ಗಳಿಗೆ. ಹಗಲಿರುಳು ಸೇರಿ ಇಂಥ 60 ಗಳಿಗೆಗಳು, ಇಂದಿನ ಲೆಕ್ಕದಲ್ಲಿ ಒಂದೊಂದು 24 ನಿಮಿಷ. ಘಟಿಯೆಂಬ ಪಾತ್ರೆಯ ಹೆಸರೇ ಅವಧಿಯ ಹೆಸರಾಗಿದೆ.

ರೈತರ ಮಳೆನಕ್ಷತ್ರಗಳ ಗಣನೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ರೋಹಿಣಿ, ಮಿರ್ಗ ಎಂದು ಕರೆಯಲಾಗುವ ಮೃಗಶಿರ, ಆರಿದ್ರ ಎಂಬ ಮಳೆಗಳು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಸುಮಾರು 13-14 ದಿನಗಳ ಅವಧಿಗಳು. ಬಿತ್ತನೆಯ ನಿರ್ಧಾರ ಕ್ಯಾಲೆಂಡರಿನ ಅಂಕಿಯೊಂದಿಗಲ್ಲ, ಆಕಾಶದ ಒಂದು ಸ್ಥಿತಿಯೊಂದಿಗೆ ಹೊಂದಿಕೊಂಡಿರುತ್ತದೆ. ಈ ಪದಗಳ ಬಳಕೆಯಲ್ಲಿ ಕಾಲವು ತಾನೇ ಹರಿಯುವ ಪ್ರವಾಹವಾಗಿ ಕಾಣಿಸುವುದಿಲ್ಲ. ಒಂದು ಘಟನೆಯನ್ನು ಇನ್ನೊಂದು ಘಟನೆಯೊಡನೆ ಜೋಡಿಸಿ ಹೇಳುವ ಕ್ರಮವಾಗಿ ಕಾಣಿಸುತ್ತದೆ. ಭೌತವಿಜ್ಞಾನದ ಚರ್ಚೆಗೆ ಈ ಅಂಶ ಮುಂದೆ ನೆರವಾಗುತ್ತದೆ.

ಶಾಸನದ ಕಾಲೋಲ್ಲೇಖ

ಹಾವೇರಿ, ಗಳಗನಾಥ, ಚೌಡದಾನಪುರ ಮೊದಲಾದೆಡೆಗಳ ಶಾಸನಗಳಲ್ಲಿ ದತ್ತಿಯ ದಿನವನ್ನು ಗುರುತಿಸುವ ಕ್ರಮ ಪರಿಚಿತವಾದುದು. ಶಕವರ್ಷ ಅಥವಾ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಸಂಕ್ರಾಂತಿ ಅಥವಾ ಗ್ರಹಣದ ಉಲ್ಲೇಖಗಳು ಸಾಲಾಗಿ ಬರುತ್ತವೆ. ಇವು ಒಂದೇ ಅಳತೆಗೋಲಿನ ಬೇರೆ ಬೇರೆ ಗೆರೆಗಳಲ್ಲ. ಒಂದೊಂದೂ ಸ್ವತಂತ್ರವಾದ ಒಂದು ಆವರ್ತ. ವಾರವು ಏಳರ ಬರಿಯ ಎಣಿಕೆ. ತಿಥಿಯು ಚಂದ್ರ ಮತ್ತು ಸೂರ್ಯರ ನಡುವಿನ ಅಂತರ 12 ಡಿಗ್ರಿ ಹೆಚ್ಚಲು ಹಿಡಿಯುವ ಅವಧಿ. ಸಂವತ್ಸರವು ಮೂಲತಃ ಗುರುಗ್ರಹದ ಗತಿಯನ್ನು ಅವಲಂಬಿಸಿದುದು. ಆದರೆ ಸುಮಾರು ಹತ್ತನೆಯ ಶತಮಾನದ ಆರಂಭದಿಂದ ದಕ್ಷಿಣ ಭಾರತದಲ್ಲಿ ಅದು ಗುರುವಿನ ಸಂಬಂಧವನ್ನು ಕಳಚಿಕೊಂಡು ಅರುವತ್ತು ಹೆಸರುಗಳ ಕ್ರಮಬದ್ಧ ಎಣಿಕೆಯಾಗಿ ಉಳಿಯಿತು. ಈ ಆವರ್ತಗಳು ಎಲ್ಲಿ ಏಕಕಾಲಕ್ಕೆ ಸಂಧಿಸುತ್ತವೆಯೋ ಅದೇ ಶಾಸನದ ದಿನ.

ತಿಥಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅಗತ್ಯ. ಚಂದ್ರನ ಗತಿ ಏಕರೂಪವಲ್ಲವಾದ್ದರಿಂದ ಒಂದು ತಿಥಿಯ ಅವಧಿ ಸುಮಾರು 20 ಗಂಟೆಗಳಿಂದ 27 ಗಂಟೆಗಳವರೆಗೆ ವ್ಯತ್ಯಾಸವಾಗುತ್ತದೆ. ಗಡಿಯಾರದ ದೃಷ್ಟಿಯಿಂದ ತಿಥಿ ಹಿಗ್ಗುತ್ತದೆ, ಕುಗ್ಗುತ್ತದೆ. ತಿಥಿಯನ್ನೇ ಸಮ ಅಳತೆಯೆಂದು ಒಪ್ಪಿದರೆ ಹಿಗ್ಗುವುದೂ ಕುಗ್ಗುವುದೂ ಗಡಿಯಾರವೇ ಆಗುತ್ತದೆ. ಇವುಗಳಲ್ಲಿ ಯಾವುದು ಸರಿ? ತಿಥಿಯನ್ನು ಸಮವೆಂದು ಹಿಡಿದರೆ ಭೂಮಿಯ ಆವರ್ತನೆ, ಗಳಿಗೆ ಬಟ್ಟಲು, ಲೋಲಕ ಎಲ್ಲವೂ ಚಂದ್ರನಿಗಾಗಿ ಒಟ್ಟಾಗಿ ವೇಗ ಬದಲಿಸುತ್ತವೆ ಎಂದು ಹೇಳಬೇಕಾಗುತ್ತದೆ. ಅದಕ್ಕಿಂತ ಚಂದ್ರನೊಬ್ಬನ ಗತಿ ವಿಷಮ ಎನ್ನುವುದು ಸರಳ. ಹೆನ್ರಿ ಪಾಂಕರೆ 1898ರಲ್ಲಿ ಪ್ರಕಟಿಸಿದ ಕಾಲದ ಅಳತೆಯ ಕುರಿತ ಪ್ರಬಂಧದಲ್ಲಿ ಈ ಬಗೆಯ ವಿವೇಚನೆಯನ್ನು ಮುಂದಿಟ್ಟರು. ಎರಡು ಅವಧಿಗಳು ಸಮ ಎಂಬುದನ್ನು ನೇರವಾಗಿ ಕಾಣಲು ಸಾಧ್ಯವಿಲ್ಲ. ಚಲನೆಯ ನಿಯಮಗಳು ಸರಳವಾಗುವಂತೆ ಗಡಿಯಾರವನ್ನು ಆಯ್ದುಕೊಳ್ಳಲಾಗುತ್ತದೆ.

ಮೂರು ಊರುಗಳ ಮಧ್ಯಾಹ್ನ

ಸೂರ್ಯಸಿದ್ಧಾಂತವೇ ಮೊದಲಾದ ಗ್ರಂಥಗಳು ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಹಾಯುವ ರೇಖೆಯನ್ನು ಗಣಿತದ ಮೂಲರೇಖೆಯೆಂದು ಅಂಗೀಕರಿಸಿವೆ. ಉಜ್ಜಯಿನಿಯ ರೇಖಾಂಶ ಸುಮಾರು 75.8 ಡಿಗ್ರಿ ಪೂರ್ವ. ಹಾವೇರಿಯದು ಸುಮಾರು 75.4, ಬ್ಯಾಡಗಿಯದು 75.5, ರಾಣೆಬೆನ್ನೂರಿನದು 75.6. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಉಜ್ಜಯಿನಿಯ ಮಧ್ಯಾಹ್ನಕ್ಕೂ ಈ ಮೂರು ಊರುಗಳ ಮಧ್ಯಾಹ್ನಕ್ಕೂ ಇರುವ ಅಂತರ ಎರಡು ನಿಮಿಷಕ್ಕಿಂತ ಕಡಿಮೆ. ಆದ್ದರಿಂದ ಈ ಪರಿಸರದ ಶಾಸನಗಳ ಗಣಿತಕ್ಕೆ ದೇಶಾಂತರ ಸಂಸ್ಕಾರ ಅತ್ಯಲ್ಪ. ಆದರೆ ಅಕ್ಷಾಂಶ ಬೇರೆಯಾದುದರಿಂದ ಸೂರ್ಯೋದಯದ ಹೊತ್ತು ಋತುವನ್ನನುಸರಿಸಿ ಬೇರೆಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಾವೇರಿಯಲ್ಲಿ ಸೂರ್ಯನು ನೆತ್ತಿಗೆ ಬಂದ ಸುಮಾರು ಒಂದು ನಿಮಿಷ ಮೊದಲೇ ರಾಣೆಬೆನ್ನೂರಿನಲ್ಲಿ ಮಧ್ಯಾಹ್ನವಾಗಿರುತ್ತದೆ. ಊರಿಗೊಂದು ಹೊತ್ತು ಇದ್ದಾಗ ಇದರಿಂದ ಯಾರಿಗೂ ತೊಡಕಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸದರ್ನ್ ಮರಾಠಾ ರೈಲುಮಾರ್ಗ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಭಾರತದ ರೈಲುಗಳು ಆಗ ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಈ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಮದರಾಸಿನ ವೇಳೆ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ, ಮುಂಬಯಿಯದು 4 ಗಂಟೆ 51 ನಿಮಿಷ ಮುಂದೆ, ಹಾವೇರಿಯ ಸ್ಥಳೀಯ ವೇಳೆ ಇವೆರಡರ ನಡುವೆ, ಸುಮಾರು 5 ಗಂಟೆ 2 ನಿಮಿಷ. 1906ರ ಜನವರಿ 1ರಿಂದ 82.5 ಡಿಗ್ರಿ ರೇಖಾಂಶವನ್ನು ಆಧರಿಸಿದ ಭಾರತೀಯ ಪ್ರಮಾಣಿತ ವೇಳೆ ಜಾರಿಗೆ ಬಂದಿತು. ಮುಂಬಯಿ ನಗರದಲ್ಲಿ ಇದಕ್ಕೆ ವಿರೋಧ ವ್ಯಕ್ತವಾಗಿ ಹಳೆಯ ವೇಳೆ 1950ರ ದಶಕದವರೆಗೂ ಬಳಕೆಯಲ್ಲಿತ್ತು. ಇಂದು ಹಾವೇರಿಯಲ್ಲಿ ಗಡಿಯಾರ 12 ತೋರಿಸುವಾಗ ಸೂರ್ಯನು ನೆತ್ತಿಗೆ ಬಂದಿರುವುದಿಲ್ಲ. ನಿಜವಾದ ಮಧ್ಯಾಹ್ನ ಫೆಬ್ರುವರಿ ನಡುವಿನಲ್ಲಿ ಸುಮಾರು 12 ಗಂಟೆ 43 ನಿಮಿಷಕ್ಕೆ, ನವೆಂಬರ್ ಮೊದಲಲ್ಲಿ ಸುಮಾರು 12 ಗಂಟೆ 12 ನಿಮಿಷಕ್ಕೆ ಆಗುತ್ತದೆ.

ಈ ಬದಲಾವಣೆಗಳಲ್ಲಿ ಸೂರ್ಯನಾಗಲಿ ಭೂಮಿಯಾಗಲಿ ಏನನ್ನೂ ಮಾಡಲಿಲ್ಲ. ಬದಲಾದುದು ಹೊತ್ತಿಗೆ ಹೆಸರಿಡುವ ಒಪ್ಪಂದ. ಒಪ್ಪಂದದ ಕಾಲವನ್ನೂ ನಿಸರ್ಗದ ಕಾಲವನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಸಾಪೇಕ್ಷತಾ ಸಿದ್ಧಾಂತದ ನಿಜವಾದ ಹೊಸತನ ತಿಳಿಯುತ್ತದೆ.

ನ್ಯೂಟನ್ನರಿಂದ ಪರಮಾಣು ಗಡಿಯಾರದವರೆಗೆ

ಐಸಾಕ್ ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಯಾವ ಬಾಹ್ಯ ವಸ್ತುವನ್ನೂ ಅವಲಂಬಿಸದೆ ಸಮನಾಗಿ ಸಾಗುವ ನಿರಪೇಕ್ಷ ಕಾಲವನ್ನು ಪ್ರತಿಪಾದಿಸಿದರು. ಗಡಿಯಾರ, ದಿನ, ಮಾಸಗಳು ಅದರ ಸ್ಥೂಲ ಅಳತೆಗಳು ಮಾತ್ರ. ಇದಕ್ಕೆ ವಿರುದ್ಧವಾಗಿ ಲೈಬ್ನಿಟ್ಸ್ 1715-16ರಲ್ಲಿ ಕ್ಲಾರ್ಕ್ ಅವರೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಕಾಲವು ಘಟನೆಗಳ ಅನುಕ್ರಮವೇ ಹೊರತು ಬೇರೆಯಾದ ವಸ್ತುವಲ್ಲ ಎಂದು ವಾದಿಸಿದರು.

ಭಾರತೀಯ ದರ್ಶನಗಳಲ್ಲಿಯೂ ಈ ಭಿನ್ನಮತವನ್ನು ಹೋಲುವ ಚರ್ಚೆಗಳಿವೆ. ವೈಶೇಷಿಕರಿಗೆ ಕಾಲವು ಒಂಬತ್ತು ದ್ರವ್ಯಗಳಲ್ಲಿ ಒಂದು. ಅದು ನಿತ್ಯ, ವಿಭು. ಪರ-ಅಪರ, ಏಕಕಾಲಿಕತೆ, ಶೀಘ್ರ-ವಿಲಂಬ ಎಂಬ ಪ್ರತೀತಿಗಳಿಂದ ಅದನ್ನು ಅನುಮಾನಿಸಬೇಕು. ನಾಗಾರ್ಜುನನು ಭೂತ, ವರ್ತಮಾನ, ಭವಿಷ್ಯಗಳು ಪರಸ್ಪರಾಶ್ರಿತವಾದುದರಿಂದ ಅವಕ್ಕೆ ಸ್ವತಂತ್ರ ಸತ್ತೆಯಿಲ್ಲವೆಂದನು. ಪಂಪನ ‘ಆದಿಪುರಾಣ’ಕ್ಕೆ ಹಿನ್ನೆಲೆಯಾದ ಜೈನ ದರ್ಶನವು ನಿಶ್ಚಯಕಾಲ, ವ್ಯವಹಾರಕಾಲ ಎಂದು ವಿಂಗಡಿಸುತ್ತದೆ. ಅಲ್ಲಿ ‘ಸಮಯ’ವೆಂದರೆ ಒಂದು ಪರಮಾಣು ಒಂದು ಪ್ರದೇಶದಿಂದ ಪಕ್ಕದ ಪ್ರದೇಶಕ್ಕೆ ಸಾಗಲು ಹಿಡಿಯುವ, ವಿಭಜಿಸಲಾಗದ ಅವಧಿ. ಇವುಗಳಲ್ಲಿ ಆಧುನಿಕ ಭೌತವಿಜ್ಞಾನವನ್ನು ಹುಡುಕುವುದು ಸರಿಯಲ್ಲ. ಅಳತೆ ಮತ್ತು ಪ್ರಯೋಗಗಳ ಆಧಾರ ಅಲ್ಲಿಲ್ಲ. ಪ್ರಶ್ನೆಗಳ ಸ್ವರೂಪ ಮಾತ್ರ ಸಮಾನವಾದುದು.

ಭೌತವಿಜ್ಞಾನವು ವ್ಯವಹಾರದಲ್ಲಿ ಕಾಲದ ಸಾರವನ್ನಲ್ಲ, ಅದರ ಅಳತೆಯನ್ನು ನಿರ್ವಚಿಸುತ್ತದೆ. ಬಹುಕಾಲ ಸೆಕೆಂಡು ಎಂದರೆ ಸರಾಸರಿ ಸೌರದಿನದ 86,400ನೆಯ ಒಂದು ಭಾಗ. 1939ರಲ್ಲಿ ಸ್ಪೆನ್ಸರ್ ಜೋನ್ಸ್ ಅವರು ಚಂದ್ರ, ಸೂರ್ಯ ಮತ್ತು ಗ್ರಹಗಳ ಗತಿಗಳಲ್ಲಿ ಕಂಡುಬಂದ ವ್ಯತ್ಯಾಸಗಳು ಒಂದೇ ಪ್ರಮಾಣದಲ್ಲಿರುವುದನ್ನು ತೋರಿಸಿದರು. ಎಲ್ಲ ಗ್ರಹಗಳೂ ಒಟ್ಟಾಗಿ ವೇಗ ಬದಲಿಸುವುದಕ್ಕಿಂತ ಭೂಮಿಯ ಆವರ್ತನೆಯೇ ವಿಷಮ ಎನ್ನುವುದು ಯುಕ್ತ. ತಿಥಿಯ ವಿಷಯದಲ್ಲಿ ಚಂದ್ರನನ್ನು ಕೈಬಿಟ್ಟ ತರ್ಕವೇ ಇಲ್ಲಿ ಭೂಮಿಯನ್ನೂ ಕೈಬಿಟ್ಟಿತು. 1967ರಿಂದ ಸೆಕೆಂಡು ಎಂದರೆ ಸೀಸಿಯಂ-133 ಪರಮಾಣುವಿನ ನಿರ್ದಿಷ್ಟ ವಿಕಿರಣದ 9,19,26,31,770 ಕಂಪನಗಳ ಅವಧಿ. ಭಾರತದ ಪ್ರಮಾಣಿತ ವೇಳೆಯನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದಲೇ ಕಾಯ್ದುಕೊಂಡು ಬರುತ್ತಿದೆ. ಬಟ್ಟಲು ಎಷ್ಟು ಸಲ ಮುಳುಗಿತೆಂದು ಎಣಿಸುವುದಕ್ಕೂ ಕಂಪನಗಳನ್ನು ಎಣಿಸುವುದಕ್ಕೂ ನಿಖರತೆಯಲ್ಲಿ ಅಪಾರ ಅಂತರವಿದೆ, ತತ್ತ್ವದಲ್ಲಿ ಅಂತರವಿಲ್ಲ.

‘ಈಗ’ ಎಂಬುದರ ವ್ಯಾಪ್ತಿ

ಐನ್‌ಸ್ಟೈನ್ 1905ರಲ್ಲಿ ಎತ್ತಿದ ಪ್ರಶ್ನೆ ಏಕಕಾಲಿಕತೆಯದು. ಹಾವೇರಿ ಮತ್ತು ರಾಣೆಬೆನ್ನೂರು ನಿಲ್ದಾಣಗಳಲ್ಲಿ ಒಂದೇ ಕ್ಷಣಕ್ಕೆ ಎರಡು ದೀಪಗಳು ಹೊತ್ತಿದವೆಂದು ಭಾವಿಸೋಣ. ಇವೆರಡರ ಸರಿಮಧ್ಯದಲ್ಲಿ ಹಳಿಯ ಪಕ್ಕದಲ್ಲಿ ನಿಂತವನಿಗೆ ಎರಡೂ ಬೆಳಕುಗಳು ಒಟ್ಟಿಗೆ ತಲಪುತ್ತವೆ. ಅವನು ಅವನ್ನು ಏಕಕಾಲಿಕವೆನ್ನುತ್ತಾನೆ. ರಾಣೆಬೆನ್ನೂರಿನ ಕಡೆಗೆ ಸಾಗುವ ರೈಲಿನಲ್ಲಿ ಕುಳಿತವನು, ಬೆಳಕಿನ ವೇಗ ತನಗೂ ಅಷ್ಟೇ ಎಂಬ ನಿಯಮದಂತೆ ಲೆಕ್ಕ ಹಾಕಿದರೆ, ರಾಣೆಬೆನ್ನೂರಿನ ದೀಪವೇ ಮೊದಲು ಹೊತ್ತಿತೆಂಬ ತೀರ್ಮಾನಕ್ಕೆ ಬರುತ್ತಾನೆ. ಇಬ್ಬರ ಲೆಕ್ಕವೂ ನಿರ್ದುಷ್ಟ. ರೈಲಿನ ವೇಗ ಗಂಟೆಗೆ 100 ಕಿಲೋಮೀಟರು, ಊರುಗಳ ಅಂತರ ಸುಮಾರು 30 ಕಿಲೋಮೀಟರು ಎಂದಿಟ್ಟುಕೊಂಡರೆ ವ್ಯತ್ಯಾಸ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿಯ ಸುಮಾರು ಒಂದು ಭಾಗ. ವ್ಯವಹಾರಕ್ಕೆ ನಗಣ್ಯವಾದರೂ ತತ್ತ್ವಕ್ಕೆ ಇದು ನಿರ್ಣಾಯಕ.

ಎರಡು ಊರುಗಳ ಸ್ಥಳೀಯ ವೇಳೆಗಳ ನಡುವಣ ಒಂದು ನಿಮಿಷದ ಅಂತರದೊಡನೆ ಇದನ್ನು ಬೆರೆಸಬಾರದು. ಅದು ಹೆಸರಿನ ಅಂತರ, ಒಪ್ಪಂದದಿಂದ ಅಳಿಸಿಹಾಕಬಹುದು. ರೈಲಿನ ಉದಾಹರಣೆಯ ಅಂತರವನ್ನು ಹಾಗೆ ಅಳಿಸಲಾಗದು. ವಿಶ್ವಕ್ಕೆಲ್ಲ ಸಲ್ಲುವ ಒಂದೇ ‘ಈಗ’ ಇಲ್ಲ ಎಂಬುದೇ ಅದರ ಅರ್ಥ. ಆದರೆ ಕಾರಣ-ಕಾರ್ಯಗಳ ಕ್ರಮ ಯಾವ ವೀಕ್ಷಕನಿಗೂ ತಲೆಕೆಳಗಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬೆಳಕು ತಲಪಲು ಸಾಧ್ಯವಿರುವ ಘಟನೆಗಳ ಹಿಂದುಮುಂದು ಎಲ್ಲರಿಗೂ ಒಂದೇ.

1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವು ಗುರುತ್ವವೂ ಗಡಿಯಾರದ ಗತಿಯನ್ನು ಬದಲಿಸುತ್ತದೆಂದು ತಿಳಿಸಿತು. ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದ ಹಾವೇರಿಯ ಗಡಿಯಾರ ಕಾರವಾರದ ಕಡಲತಡಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 5 ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯ 5 ಭಾಗದಷ್ಟು, ಮುಂದೆ ಸಾಗುತ್ತದೆ. 1971ರಲ್ಲಿ ಹಾಫಲೆ ಮತ್ತು ಕೀಟಿಂಗ್ ವಿಮಾನಗಳಲ್ಲಿ ಪರಮಾಣು ಗಡಿಯಾರಗಳನ್ನು ಒಯ್ದು ಈ ಬಗೆಯ ಪರಿಣಾಮಗಳನ್ನು ಪರೀಕ್ಷಿಸಿದರು. ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದವಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಹೋಗುವುದನ್ನು ಸರಿಪಡಿಸದಿದ್ದರೆ ಅವು ನಿಷ್ಪ್ರಯೋಜಕವಾಗುತ್ತವೆ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಮಿಲಿಮೀಟರು ಎತ್ತರದ ಅಂತರದಲ್ಲಿಯೂ ಈ ವ್ಯತ್ಯಾಸವನ್ನು ಅಳೆದು ತೋರಿಸಿದರು.

ಬ್ಯಾಡಗಿಯ ಮೆಣಸಿನಕಾಯಿ ಮತ್ತು ಕಾಲದ ದಿಕ್ಕು

ಇಲ್ಲಿ ಒಂದು ಆಕ್ಷೇಪ ಏಳಬಹುದು. ನಿಧಾನವಾದುದು ಗಡಿಯಾರವೇ ಹೊರತು ಕಾಲ ಎಂದೇಕೆ ಹೇಳಬೇಕು? 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಉದಾಹರಣೆಯಿಂದ ಇದಕ್ಕೆ ಉತ್ತರ ಹೇಳಬಹುದು. ಅದರ ಬೆಲೆ ಕಡುಗೆಂಪು ಬಣ್ಣವನ್ನು ಅವಲಂಬಿಸಿದೆ. ಹೊರಗೆ ಇಟ್ಟರೆ ಬಣ್ಣ ಮಾಸುತ್ತದೆ, ಶೀತಗೃಹದಲ್ಲಿ ಇಟ್ಟರೆ ಬಹು ನಿಧಾನವಾಗಿ ಮಾಸುತ್ತದೆ. ಆದರೆ ಶೀತಗೃಹದಲ್ಲಿ ಕಾಲ ನಿಧಾನವಾಯಿತೆಂದು ಯಾರೂ ಹೇಳುವುದಿಲ್ಲ. ಅಲ್ಲಿಟ್ಟ ಗಡಿಯಾರ ಎಂದಿನಂತೆಯೇ ನಡೆಯುತ್ತದೆ, ರಾಸಾಯನಿಕ ಕ್ರಿಯೆ ಮಾತ್ರ ತಗ್ಗಿದೆ. ಗುರುತ್ವದ ಪರಿಣಾಮ ಹಾಗಲ್ಲ. ಪರಮಾಣುವಿನ ಕಂಪನ, ಲೋಹದ ಗಡಿಯಾರ, ಮೆಣಸಿನಕಾಯಿಯ ಬಣ್ಣ, ಮನುಷ್ಯನ ವಯಸ್ಸು ಎಲ್ಲವೂ ಒಂದೇ ಪ್ರಮಾಣದಲ್ಲಿ ವ್ಯತ್ಯಾಸಗೊಳ್ಳುತ್ತವೆ. ಯಾವ ಪ್ರಕ್ರಿಯೆಗೂ ವಿನಾಯಿತಿಯಿಲ್ಲದಿರುವಾಗ ಬದಲಾದುದು ಕಾಲ ಎನ್ನುವುದೇ ಉಚಿತ. ಎಲ್ಲ ಪ್ರಕ್ರಿಯೆಗಳಿಗೂ ಸಾಮಾನ್ಯವಾದ ಆ ಪ್ರಮಾಣಕ್ಕೆ ಭೌತವಿಜ್ಞಾನ ಕಾಲವೆಂದು ಹೆಸರಿಟ್ಟಿದೆ.

ಇದೇ ಉದಾಹರಣೆ ಕಾಲದ ದಿಕ್ಕಿನ ಪ್ರಶ್ನೆಗೂ ಸಲ್ಲುತ್ತದೆ. ಮಾಸಿದ ಬಣ್ಣ ತಾನಾಗಿ ಮರಳಿ ಕೆಂಪಾಗುವುದಿಲ್ಲ. ಆದರೆ ಅಣುಗಳ ಚಲನೆಯನ್ನು ಆಳುವ ಮೂಲನಿಯಮಗಳು ಬಹುಮಟ್ಟಿಗೆ ಹಿಂದುಮುಂದುಗಳ ಭೇದವನ್ನು ಎಣಿಸುವುದಿಲ್ಲ. ಹಾಗಾದರೆ ದಿಕ್ಕು ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಇದನ್ನು ಸಂಭವನೀಯತೆಯಿಂದ ವಿವರಿಸಿದರು. ವ್ಯವಸ್ಥಿತ ಸ್ಥಿತಿಗಳು ಕೆಲವೇ, ಅವ್ಯವಸ್ಥಿತ ಸ್ಥಿತಿಗಳು ಅಸಂಖ್ಯ. ಆದ್ದರಿಂದ ಎಂಟ್ರೊಪಿ ಹೆಚ್ಚುವ ಕಡೆಗೇ ಬದಲಾವಣೆ ಸಾಗುತ್ತದೆ. ಆರ್ಥರ್ ಎಡಿಂಗ್ಟನ್ ಇದಕ್ಕೆ ಕಾಲದ ಬಾಣ ಎಂಬ ಹೆಸರನ್ನು ಬಳಕೆಗೆ ತಂದರು. ವಿಶ್ವದ ಆರಂಭದಲ್ಲಿ ಎಂಟ್ರೊಪಿ ಅಷ್ಟೊಂದು ಕಡಿಮೆ ಏಕಿತ್ತು ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ವ್ಯಾಕರಣದ ವರ್ತಮಾನ

ಭೌತವಿಜ್ಞಾನದ ಸಮೀಕರಣಗಳಲ್ಲಿ ‘ಮೊದಲು’ ಮತ್ತು ‘ಅನಂತರ’ಗಳಿಗೆ ಸ್ಥಾನವಿದೆ, ‘ಇಂದು’ ಎಂಬುದಕ್ಕೆ ಇಲ್ಲ. 1908ರಲ್ಲಿ ಮ್ಯಾಕ್‌ಟಾಗರ್ಟ್ ಎಂಬ ತತ್ತ್ವಜ್ಞಾನಿ ಈ ಎರಡು ಬಗೆಗಳನ್ನು ಬೇರ್ಪಡಿಸಿದರು. ಭೂತ-ವರ್ತಮಾನ-ಭವಿಷ್ಯಗಳು ಸದಾ ಬದಲಾಗುತ್ತವೆ, ಮೊದಲು-ಅನಂತರಗಳು ಬದಲಾಗುವುದಿಲ್ಲ. ಅವರು ಇದರಿಂದ ಕಾಲವೇ ಅಸತ್ಯವೆಂಬ ತೀರ್ಮಾನಕ್ಕೆ ಬಂದರು. ಆ ತೀರ್ಮಾನವನ್ನು ಒಪ್ಪದವರಿಗೂ ವಿಂಗಡಣೆ ಉಪಯುಕ್ತವಾಗಿದೆ.

ಕನ್ನಡ ಕ್ರಿಯಾಪದದ ಕಾಲವು ಮೊದಲ ಬಗೆಗೆ ಸೇರಿದುದು; ಮಾತನಾಡುವವನನ್ನು ಕೇಂದ್ರವಾಗಿಟ್ಟುಕೊಂಡದ್ದು. ಆ ವ್ಯವಸ್ಥೆಯಲ್ಲಿಯೂ ವರ್ತಮಾನ ಭದ್ರವಾಗಿ ನಿಲ್ಲುವುದಿಲ್ಲ. ಹಳಗನ್ನಡದ ವೈಯಾಕರಣರು ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯವನ್ನು ಹೇಳಿದರು. ಹೊಸಗನ್ನಡದಲ್ಲಿ ಅದು ಉಳಿಯಲಿಲ್ಲ. ಇಂದಿನ ‘ಬರುತ್ತಾನೆ’ ಎಂಬ ರೂಪ ‘ದಿನಾಲೂ ಬರುತ್ತಾನೆ’, ‘ನಾಳೆ ಬರುತ್ತಾನೆ’ ಎಂಬ ಎರಡಕ್ಕೂ ಸಲ್ಲುತ್ತದೆ. ಬಳಕೆಯಲ್ಲಿ ಭೂತ ಮತ್ತು ಭೂತವಲ್ಲದ್ದು ಎಂಬ ಭೇದವೇ ಪ್ರಧಾನ.

ಶಾಸನದ ಕಾಲೋಲ್ಲೇಖ ಎರಡನೆಯ ಬಗೆಯದು. ‘ಸೋಮವಾರದಂದು’, ‘ಆದಿತ್ಯವಾರದಂದು’ ಎಂಬ ರೂಪಗಳಲ್ಲಿರುವ ‘ಅಂದು’ ಗಮನಾರ್ಹ. ದತ್ತಿ ಬಿಡುವವನಿಗೆ ಆ ದಿನ ‘ಇಂದು’. ಶಾಸನ ಮಾತ್ರ ಅದನ್ನು ‘ಅಂದು’ ಎನ್ನುತ್ತದೆ. ಅದು ಮಾತನಾಡುವುದು ಮುಂದಿನ ಓದುಗನ ಸ್ಥಾನದಿಂದ. ಯಾರು ಯಾವಾಗ ಓದಿದರೂ ಕೆಡದ ಸಂಬಂಧಗಳ ಮೂಲಕ ದಿನವನ್ನು ಗುರುತಿಸುವುದೇ ಅದರ ಗುರಿ.

ಕಾಲ ಇದೆಯೇ?

ಇಷ್ಟರ ಮೇಲೆ ಮೂಲ ಪ್ರಶ್ನೆಯನ್ನು ಮೂರಾಗಿ ವಿಂಗಡಿಸಬಹುದು. ಅವಧಿಯೆಂಬ ಅಳತೆ ಇದೆಯೇ ಎಂದರೆ ಖಚಿತವಾಗಿ ಇದೆ. ಭೌತವಿಜ್ಞಾನವು ಅತ್ಯಂತ ನಿಖರವಾಗಿ ಅಳೆಯಬಲ್ಲುದು ಅದನ್ನೇ. ಘಟನೆಗಳ ಹಿಂದುಮುಂದಿನ ಕ್ರಮ ಇದೆಯೇ ಎಂದರೆ ಕಾರಣಸಂಬಂಧವುಳ್ಳ ಘಟನೆಗಳಿಗೆ ಇದೆ, ದೂರದ ಘಟನೆಗಳೆಲ್ಲಕ್ಕೂ ಸಲ್ಲುವ ಏಕೈಕ ಕ್ರಮ ಇಲ್ಲ. ಕಾಲದ ಹರಿವು ಇದೆಯೇ ಎಂಬುದು ಮೂರನೆಯದು. ಸಮೀಕರಣಗಳಲ್ಲಿ ಅದು ಕಾಣುವುದಿಲ್ಲ, ಅನುಭವದಲ್ಲಿ ಅದನ್ನು ಅಲ್ಲಗಳೆಯುವಂತಿಲ್ಲ. ಬೇಂದ್ರೆಯವರು ಕಾಲವನ್ನು ಹಾರುವ ಹಕ್ಕಿಯಾಗಿ ಕಂಡದ್ದು ಈ ಮೂರನೆಯ ನೆಲೆಯಲ್ಲಿ. ಅದನ್ನು ಮೊದಲ ನೆಲೆಯ ಸಾಧನಗಳಿಂದ ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ಅಪ್ರಸ್ತುತ.

ಗುರುತ್ವ ಮತ್ತು ಕ್ವಾಂಟಂ ಸಿದ್ಧಾಂತಗಳನ್ನು ಕೂಡಿಸಲು ಯತ್ನಿಸಿದ 1967ರ ವೀಲರ್-ಡಿವಿಟ್ ಸಮೀಕರಣದಲ್ಲಿ ಕಾಲದ ಸಂಕೇತವೇ ಇಲ್ಲ. ಇದನ್ನು ಆಧರಿಸಿ ಜೂಲಿಯನ್ ಬಾರ್ಬರ್ ಕಾಲವು ಮೂಲಭೂತವಲ್ಲವೆಂದು 1999ರಲ್ಲಿ ವಾದಿಸಿದರು. ಕಾರ್ಲೊ ರೊವೆಲ್ಲಿ ಕೂಡ ಇದಕ್ಕೆ ಹತ್ತಿರವಾದ ನಿಲುವುಳ್ಳವರು. ಲೀ ಸ್ಮೋಲಿನ್ 2013ರಲ್ಲಿ ಇದಕ್ಕೆ ವಿರುದ್ಧವಾಗಿ ಕಾಲವೇ ಮೂಲಭೂತವೆಂದರು. ಇದು ಇನ್ನೂ ಇತ್ಯರ್ಥವಾಗದ ವಾದ. ಮೂಲಭೂತವಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಒಂದು ಅಣುವಿಗೆ ಶಾಖವಿಲ್ಲ, ಆದರೂ ಬಿಸಿಲು ಸುಳ್ಳಲ್ಲ.

ಸಮಾರೋಪ

ಈ ವಿವೇಚನೆಯ ಪ್ರಯೋಜನ ತತ್ತ್ವಚರ್ಚೆಗಷ್ಟೇ ಸೀಮಿತವಲ್ಲ. ಶಾಸನದ ತಿಥಿಯೂ ವಾರವೂ ಹೊಂದದಿದ್ದಾಗ ಅದನ್ನು ಕೂಟಶಾಸನವೆಂದು ಶಂಕಿಸುವ ರೂಢಿಯಿದೆ. ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ಗ್ರಂಥವಾಗಲಿ ಸ್ವಾಮಿಕಣ್ಣು ಪಿಳ್ಳೆಯವರ 1922ರ ಕೋಷ್ಟಕಗಳಾಗಲಿ ಅಮೂಲ್ಯ ಸಾಧನಗಳು. ಆದರೆ ಶಕವರ್ಷ ಗತವೋ ವರ್ತಮಾನವೋ, ತಿಥಿಯನ್ನು ಸೂರ್ಯೋದಯಕ್ಕೆ ಹಿಡಿದದ್ದೋ ದತ್ತಿಯ ಹೊತ್ತಿಗೆ ಹಿಡಿದದ್ದೋ, ಗಣಿತ ಯಾವ ಸಿದ್ಧಾಂತದ್ದು ಎಂಬುದನ್ನು ಪರಿಶೀಲಿಸದೆ ತೀರ್ಪು ಕೊಡಲಾಗದು. ಗ್ರಹಣದ ಉಲ್ಲೇಖಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಭೂಮಿಯ ಆವರ್ತನೆ ನಿಧಾನವಾಗುತ್ತಿರುವುದರಿಂದ ಹನ್ನೆರಡನೆಯ ಶತಮಾನದ ಗ್ರಹಣವನ್ನು ಇಂದಿನ ಸಮ ಕಾಲಮಾನದಲ್ಲಿ ಗಣಿಸಿದಾಗ ಸುಮಾರು ಕಾಲು ಗಂಟೆಯ ಸಂಸ್ಕಾರ ಮಾಡಬೇಕಾಗುತ್ತದೆ. ಸೂರ್ಯಾಸ್ತದ ಸಮೀಪದ ಗ್ರಹಣ ಹಾವೇರಿಯಲ್ಲಿ ಕಂಡಿತೋ ಇಲ್ಲವೋ ಎಂಬುದು ಈ ಕಾಲು ಗಂಟೆಯನ್ನೇ ಅವಲಂಬಿಸಿರಬಹುದು. ದತ್ತಿಗಾಗಿ ಹೆಸರಿಸಿದ ಗ್ರಹಣ ಕಣ್ಣಿಗೆ ಕಂಡುದೇ ಆಗಿರಬೇಕೆಂಬ ನಿಯಮವೂ ಇಲ್ಲ.

ದತ್ತಿಯು ‘ಆಚಂದ್ರಾರ್ಕ’ವಾಗಿ ಸಲ್ಲಲೆಂದು ಶಾಸನಗಳು ಹಾರೈಸುತ್ತವೆ. ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರು ದೂರ ಸರಿಯುತ್ತಿದ್ದಾನೆ, ಭೂಮಿಯ ದಿನ ಶತಮಾನಕ್ಕೆ ಒಂದೆರಡು ಮಿಲಿಸೆಕೆಂಡು ದೀರ್ಘವಾಗುತ್ತಿದೆ. ಅಳತೆಗೆ ಹಿಡಿದ ಗಡಿಯಾರವೇ ಬದಲಾಗುತ್ತದೆಂಬುದು ಅಂದಿನವರಿಗೆ ತಿಳಿದಿರಲಿಲ್ಲ. ಕಾಲವನ್ನು ಒಂದು ವಸ್ತುವಾಗಿ ಅಲ್ಲ, ಚಂದ್ರ ಸೂರ್ಯರ ಜೊತೆಗಿನ ಸಂಬಂಧವಾಗಿ ಹೇಳುವ ಕ್ರಮ ಮಾತ್ರ ಅವರಿಗೆ ರೂಢಿಯಲ್ಲಿತ್ತು. ಆ ಸಂಬಂಧಗಳನ್ನು ಅವರ ನಿರ್ವಚನದಲ್ಲಿಯೇ ಮೊದಲು ಓದಿ, ಬಳಿಕ ಇಂದಿನ ಗಡಿಯಾರಕ್ಕೆ ಹೊಂದಿಸಿ ನೋಡುವುದು ಶಾಸನದ ಕಾಲನಿರ್ಣಯದಲ್ಲಿ ಅನುಸರಿಸಬೇಕಾದ ಕ್ರಮ.